ಕನ್ನಡಕದವರು ನೋಡಬಾರದು

ಕ್ರಿಕೆಟ್ಟಿನ ಬಗ್ಗೆ ಕನ್ನಡಕದವರಿಗೆ ಗೊತ್ತಿದ್ದದ್ದು ಒಂದೇ ಸಂಗತಿ: ಅದು ಶುರುವಾದರೆ ಬೇಗ ಮುಗಿಯುವುದಿಲ್ಲ. ಇಷ್ಟು ತಿಳಿವಳಿಕೆ ಇಟ್ಟುಕೊಂಡು ಮನುಷ್ಯ ಸುಖವಾಗಿ ಬದುಕಬಹುದು. ಅವರೂ ಬದುಕಿದ್ದರು, ಬಾಡಿಗೆ ಕರಾರು ಮುಗಿಯುವ ತಿಂಗಳು ಬರುವವರೆಗೆ.

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವರ ಕೆಲಸ. ಹಾಗಾಗಿ ಬಾಡಿಗೆಗಿದ್ದ ಕಟ್ಟಡದಲ್ಲಿ ಎಲ್ಲರಿಗೂ ಅವರು ಕನ್ನಡಕದವರು. ಸ್ವತಃ ಕನ್ನಡಕ ಹಾಕುತ್ತಿರಲಿಲ್ಲ. ಅದರ ಬಗ್ಗೆ ಎಲ್ಲರೂ ಒಂದೊಂದು ಸಲ ತಮಾಷೆ ಮಾಡಿ ಮುಗಿಸಿದ್ದರು. ಎರಡನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ನಿಜವಾಗಿಯೂ ಗಾಳಿ ಬರುವ ಒಂದು ಕಿಟಕಿ. ಅಂಗಡಿಗೆ ನಡೆದೇ ಹೋಗಬಹುದು. ಮಗಳ ಶಾಲೆ ಬೀದಿಯ ತುದಿಯಲ್ಲಿ. ಈ ಮನೆ ಕೈಬಿಟ್ಟರೆ ಇಂಥದ್ದು ಇನ್ನೊಂದು ಸಿಗುವುದಿಲ್ಲ ಎಂದು ಹೆಂಡತಿ ಹೇಳುತ್ತಲೇ ಇದ್ದಳು. ಸಿಗುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನೇ ಮತ್ತೆ ಮತ್ತೆ ಕೇಳಿಸಿಕೊಂಡರೆ ಮನುಷ್ಯ ಏನಾದರೂ ಮೂರ್ಖ ಕೆಲಸಕ್ಕೆ ಕೈಹಾಕುತ್ತಾನೆ.

ಕಟ್ಟಡದ ಮಾಲೀಕರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಮೊದಲನೇ ಮಹಡಿಯಲ್ಲಿ ಅವರ ಮನೆ. ಕೆಲಸ ಬಿಡುವಾಗ ಹಸಿರು, ಕೆಂಪು ಬಾವುಟಗಳನ್ನು ಜೊತೆಗೇ ತಂದಿದ್ದರು. ಟಿವಿಯಲ್ಲಿ ನಮ್ಮವರು ಬೌಂಡರಿ ಹೊಡೆದರೆ ಹಸಿರು ಬಾವುಟ, ಔಟಾದರೆ ಕೆಂಪು. ಎದುರುಮನೆಯವರು ಟಿವಿ ಕೊಳ್ಳದೆ ಇವರ ಕಿಟಕಿ ನೋಡಿಕೊಂಡೇ ಆಟದ ಗತಿ ತಿಳಿಯುತ್ತಿದ್ದರು.

ಕರಾರಿನ ವಿಷಯದಲ್ಲಿ ಕನ್ನಡಕದವರ ಎದೆಗೆ ಮೊದಲ ಕಲ್ಲು ಹಾಕಿದವನು ನೆಲಮಹಡಿಯ ಟೈಲರ್. ಅವನಿಗೆ ಕಟ್ಟಡದ ಸಕಲ ಸಮಾಚಾರವೂ ಗೊತ್ತು, ಗೊತ್ತಿಲ್ಲದಿದ್ದರೂ ಹೇಳುವುದು ಗೊತ್ತು.

"ನಿಮ್ಮ ಮನೇಲಿ ಮೊದಲಿದ್ದೋರು ಯಾಕೆ ಖಾಲಿ ಮಾಡಿದ್ರು ಗೊತ್ತಾ? ಅವರಿಗೆ ಕ್ರಿಕೆಟ್ ಅಂದ್ರೆ ಆಗ್ತಿರಲಿಲ್ಲ. ಗಾರ್ಡ್ ಸಾಹೇಬರ ಮುಂದೆ ಬಾಯಿಬಿಟ್ಟು ಹೇಳಿಬಿಟ್ರು. ತಿಂಗಳು ತುಂಬೋದ್ರೊಳಗೆ ಸಾಮಾನು ಬೀದೀಲಿತ್ತು."

"ಬೀದೀಲಿ ಅಂದ್ರೆ?"

"ಲಾರೀಲಿ. ಲಾರಿ ಬೀದೀಲಿತ್ತು."

ಅದೇ ವಾರ ಗಾರ್ಡ್ ಸಾಹೇಬರು ಮೆಟ್ಟಿಲ ಬಳಿ ಸಿಕ್ಕಾಗ ಕನ್ನಡಕದವರು ಕರಾರಿನ ಮಾತೆತ್ತಿದರು. ಸಾಹೇಬರು ಕೈಬೀಸಿ, ಅದೆಲ್ಲ ಪಂದ್ಯಾವಳಿಯ ಫೈನಲ್ ಮುಗಿದ ಮೇಲೆ ನೋಡೋಣ, ಭಾನುವಾರ ನಮ್ಮ ಮನೆಯಲ್ಲಿ ಅಭಿಮಾನಿಗಳ ಸಭೆ ಇದೆ, ನೀವೂ ಬನ್ನಿ, ಎಲ್ಲರೂ ತಮ್ಮ ಪರಿಚಯ, ಕ್ರಿಕೆಟ್ ಪ್ರೇಮ ಎರಡನ್ನೂ ಹೇಳಿಕೊಳ್ಳಬೇಕು ಎಂದರು. ಕನ್ನಡಕದವರಿಗೆ ಕಣ್ಣೆದುರು ಲಾರಿ ನಿಂತಿತು.

ಹೆಂಡತಿ ಧೈರ್ಯವಂತೆ. ಟೈಲರ್ ಅಂಗಡಿಯಿಂದ ಹಳೆಯ ಕ್ರೀಡಾ ಪುರವಣಿಯೊಂದನ್ನು ಎರವಲು ತಂದು, ಅದರಲ್ಲಿ ಯಾವನೋ ಅಭಿಮಾನಿ ಹೇಳಿದ್ದ ಒಂದು ವಾಕ್ಯ ಆರಿಸಿದಳು: "ಚಿಕ್ಕಂದಿನಲ್ಲಿ ನಾನು ಬ್ಯಾಟು ತಬ್ಬಿಕೊಂಡೇ ಮಲಗುತ್ತಿದ್ದೆ." ಇಷ್ಟು ಹೇಳಿ ಕೂತುಬಿಡಿ, ಮುಂದಕ್ಕೆ ಏನೂ ಕೇಳುವುದಿಲ್ಲ ಎಂದಳು. ಕನ್ನಡಕದವರು ಶನಿವಾರವೆಲ್ಲ ಗಾಜು ಉಜ್ಜುತ್ತ ಅದನ್ನೇ ಬಾಯಿಪಾಠ ಮಾಡಿದರು. ಅಂಗಡಿಯ ಯಜಮಾನರು ಏನು ಗೊಣಗುತ್ತಿದ್ದೀಯ ಎಂದದ್ದಕ್ಕೆ, ಬ್ಯಾಟು ತಬ್ಬಿಕೊಂಡು ಮಲಗುತ್ತಿದ್ದೆ ಸಾರ್ ಎಂದರು. ಯಜಮಾನರು ಅಂದು ಮತ್ತೇನೂ ಕೇಳಲಿಲ್ಲ.

ಭಾನುವಾರ ಗಾರ್ಡ್ ಸಾಹೇಬರ ಹಾಲಿನಲ್ಲಿ ಪರಿಚಯ ಶುರುವಾಯಿತು. ಮೊದಲು ಸಾಹೇಬರೇ ಎದ್ದು ನಿಂತರು. ತಮ್ಮ ಮದುವೆಯ ದಿನ ಕಿವಿಗೆ ರೇಡಿಯೊ ಹಿಡಿದುಕೊಂಡೇ ಕುಳಿತಿದ್ದರಂತೆ. ಹುಡುಗಿಯ ಮುಖ ಸರಿಯಾಗಿ ನೋಡಿದ್ದು ಸಂಜೆ ಆಟ ನಿಂತ ಮೇಲೆ.

"ನಾನೂ ಸಂಜೇನೇ ನೋಡಿದ್ದು," ಎಂದರು ಅವರ ಹೆಂಡತಿ ಅಡುಗೆಮನೆಯಿಂದ. "ಬೆಳಿಗ್ಗೆ ನೋಡಿದ್ರೆ ಎದ್ದು ಹೋಗ್ತಿದ್ದೆ."

ಎರಡನೆಯವರು ಮೂರನೇ ಮಹಡಿಯ ನಿವೃತ್ತ ಬ್ಯಾಂಕ್ ಮ್ಯಾನೇಜರು. ದಪ್ಪ ಗಾಜಿನ ಕನ್ನಡಕ, ದುರ್ಬಲ ಹೃದಯ. ಕ್ರಿಕೆಟ್ ನೋಡಬೇಡಿ ಎಂದು ಡಾಕ್ಟರು ಹೇಳಿದರು, ಡಾಕ್ಟರನ್ನು ಬದಲಾಯಿಸಿದೆ ಎಂದು ಎರಡೇ ಮಾತಿನಲ್ಲಿ ಮುಗಿಸಿದರು. ದೊಡ್ಡ ಚಪ್ಪಾಳೆ ಬಿತ್ತು.

ಮೂರನೆಯವನು ಟೈಲರ್. ಅವನು ಕೊರಳ ಟೇಪನ್ನು ಸರಿಮಾಡಿಕೊಂಡು, "ಚಿಕ್ಕಂದಿನಲ್ಲಿ ನಾನು ಬ್ಯಾಟು ತಬ್ಬಿಕೊಂಡೇ ಮಲಗ್ತಿದ್ದೆ," ಎಂದು ಹೇಳಿ ಕೂತುಬಿಟ್ಟ. ಪುರವಣಿ ಅವನದೇ ತಾನೆ.

ಎಲ್ಲರ ಮುಖ ಕನ್ನಡಕದವರ ಕಡೆ ತಿರುಗಿತು. ಅವರ ಬಳಿ ಇದ್ದ ಒಂದೇ ವಾಕ್ಯ ಕಣ್ಣೆದುರೇ ಖರ್ಚಾಗಿಹೋಗಿತ್ತು.

"ನಾನು ಕ್ರಿಕೆಟ್ ನೋಡಲ್ಲ," ಎಂದರು.

ಗಾರ್ಡ್ ಸಾಹೇಬರ ಹುಬ್ಬು ಮೇಲೇರಿತು. ಆ ಹುಬ್ಬಿನ ಹಿಂದೆ ಲಾರಿಯೊಂದು ಹಿಮ್ಮುಖವಾಗಿ ಬರುತ್ತಿರುವುದು ಕನ್ನಡಕದವರಿಗೆ ಸ್ಪಷ್ಟವಾಗಿ ಕಂಡಿತು.

"ನೋಡಲ್ಲ ಅಂದ್ರೆ, ನೋಡೋ ಹಾಗಿಲ್ಲ. ನಾನು ನೋಡಿದ್ರೆ ನಮ್ಮೋರು ಸೋಲ್ತಾರೆ. ಅದಕ್ಕೇ ಮನಸ್ಸು ಕಲ್ಲು ಮಾಡ್ಕೊಂಡು ನೋಡದೆ ಇದ್ದೀನಿ."

ಬೇರೆ ಯಾವುದೇ ಕೋಣೆಯಲ್ಲಿ ಈ ಮಾತಿಗೆ ಜನ ನಗುತ್ತಿದ್ದರು. ಆದರೆ ಅಲ್ಲಿದ್ದವರು ಸಾಮಾನ್ಯ ಜನರಲ್ಲ, ಅಭಿಮಾನಿಗಳು. ಪಂದ್ಯದ ಅರ್ಧ ಮೈದಾನದಲ್ಲಿ ನಡೆಯುತ್ತದೆ, ಉಳಿದರ್ಧ ತಾವು ಕುಳಿತ ಭಂಗಿಯಿಂದ ನಡೆಯುತ್ತದೆ ಎಂದು ಪ್ರಾಮಾಣಿಕವಾಗಿ ನಂಬಿದವರು. ಇಬ್ಬರು ಬ್ಯಾಟುಗಾರರು ನೆಲೆಯೂರಿ ಆಡುತ್ತಿದ್ದರೆ ಆ ಹಾಲಿನಲ್ಲಿ ಯಾರೂ ಕಾಲು ಮಡಚುವಂತಿರಲಿಲ್ಲ, ಕೆಮ್ಮುವಂತಿರಲಿಲ್ಲ. ಬ್ಯಾಂಕ್ ಮ್ಯಾನೇಜರು ಒಮ್ಮೆ ಮೂತ್ರಕ್ಕೆ ಎದ್ದು ಹೋಗಿದ್ದರಿಂದ ಸರಣಿಯೇ ಕೈತಪ್ಪಿತ್ತು. ಅದನ್ನು ಯಾರೂ ಕ್ಷಮಿಸಿರಲಿಲ್ಲ, ಅವರೂ ಕ್ಷಮಿಸಿಕೊಂಡಿರಲಿಲ್ಲ.

ಗಾರ್ಡ್ ಸಾಹೇಬರು ಎದ್ದು ಬಂದು ಕನ್ನಡಕದವರ ಎರಡೂ ಕೈ ಹಿಡಿದುಕೊಂಡರು. ನೋಡಿ ಪ್ರೀತಿಸುವವರು ಊರ ತುಂಬ ಇದ್ದಾರೆ, ನೋಡದೆ ಪ್ರೀತಿಸುವವರನ್ನು ಇವತ್ತು ಕಂಡೆ ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಕನ್ನಡಕದವರು ಮನೆಗೆ ಹೋಗಿ ಹೆಂಡತಿಗೆ, ಗೆದ್ದೆ ಕಣೇ ಎಂದರು.

ಗೆದ್ದಿರಲಿಲ್ಲ. ಮೊದಲ ಪಂದ್ಯದ ಬೆಳಿಗ್ಗೆ ಗಾರ್ಡ್ ಸಾಹೇಬರು ಖುದ್ದಾಗಿ ಬಂದು ಇವರ ಟಿವಿಗೆ ಮಂಚದ ಹೊದಿಕೆ ಹೊದಿಸಿ, ವೈರು ಕಿತ್ತು ಜೇಬಿಗೆ ಹಾಕಿಕೊಂಡು ಹೋದರು. ಯಾವುದೋ ಚಾನೆಲ್ ತಿರುಗಿಸುವಾಗ ಅಕಸ್ಮಾತ್ ಒಂದು ಚೆಂಡು ಕಣ್ಣಿಗೆ ಬಿದ್ದರೂ ಅನಾಹುತ ಎಂಬುದು ಅವರ ಆತಂಕ. ಆ ಸಂಜೆ ಹೆಂಡತಿಯ ಧಾರಾವಾಹಿಯಲ್ಲಿ ಸತ್ತಿದ್ದ ಸೊಸೆ ವಾಪಸು ಬರುವುದಿತ್ತು. ಬಂದಳೋ ಇಲ್ಲವೋ ಈ ಮನೆಗೆ ತಿಳಿಯಲಿಲ್ಲ. ನಮ್ಮ ತಂಡ ಮಾತ್ರ ಗೆದ್ದಿತು.

"ನೀವು ಬ್ಯಾಟು ತಬ್ಬಿಕೊಂಡು ಮಲಗ್ತಿದ್ದೆ ಅಂತಲೇ ಹೇಳಬೇಕಿತ್ತು," ಎಂದಳು ಹೆಂಡತಿ. "ಇಬ್ಬರು ಮಲಗಿದ್ರೆ ಏನು ತಪ್ಪು?"

ಎರಡನೇ ಪಂದ್ಯದಲ್ಲಿ ತಂಡ ಸೋತಿತು. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಕನ್ನಡಕದವರನ್ನು ಕೆಳಗೆ ಕರೆಸಿದರು. ವಿಚಾರಣೆ ಬ್ಯಾಂಕ್ ಮ್ಯಾನೇಜರದು. ಸಾಲ ತೀರಿಸದವರನ್ನು ಎದುರಿಗೆ ಕೂರಿಸಿಕೊಂಡು ಪಳಗಿದ ದನಿ.

"ನೀವು ನೋಡಿದ್ರಿ."

ನೋಡಲಿಲ್ಲ ಎಂದು ಕನ್ನಡಕದವರು ಮಗಳ ಮೇಲೆ ಆಣೆ ಹಾಕಿದರು. ಹಾಗಾದರೆ ಸಂಜೆ ಎಲ್ಲಿದ್ದಿರಿ ಎಂದರು ಮ್ಯಾನೇಜರು. ಕ್ಷೌರದಂಗಡಿಯಲ್ಲಿ ಎಂದದ್ದೇ ಕೋಣೆಯಲ್ಲಿ ಗುಸುಗುಸು ಎದ್ದಿತು, ಏಕೆಂದರೆ ಅಲ್ಲಿ ಟಿವಿ ಇತ್ತು. ತಾನು ಕುರ್ಚಿಯಲ್ಲಿ ಕೂತಿದ್ದಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿದ್ದೆ ಎಂದು ಅವರು ಅಂಗಲಾಚಿದರು. ಕ್ಷೌರಿಕನನ್ನು ಸಾಕ್ಷಿಗೆ ಕರೆತಂದರು. ಅವನು ತಲೆ ಕೆರೆದುಕೊಂಡು, ಕಣ್ಣು ಮುಚ್ಚಿದ್ದು ನಿಜ, ಆದರೆ ಇವರ ಒಂದು ಕೆನ್ನೆಗೆ ನೊರೆ ಹಚ್ಚಿದಾಗ ನಮ್ಮವನೊಬ್ಬ ಔಟಾದ, ಇನ್ನೊಂದು ಕೆನ್ನೆಗೆ ಹಚ್ಚಿದಾಗ ಇನ್ನೊಬ್ಬ ಔಟಾದ, ತಾನು ಕಂಡದ್ದನ್ನು ಹೇಳಿದ್ದೇನೆ ಎಂದ.

ಇಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಬ್ಯಾಂಕ್ ಮ್ಯಾನೇಜರು ಯೋಚನೆ ಮಾಡುವಾಗ ಕನ್ನಡಕ ತೆಗೆದು ಒರೆಸುವ ಅಭ್ಯಾಸದವರು. ಒರೆಸುತ್ತಿದ್ದ ಕೈ ಗಕ್ಕನೆ ನಿಂತಿತು.

"ಈ ಗಾಜು ಉಜ್ಜಿದ್ದು ಯಾರು?"

ಉಜ್ಜಿದ್ದು ಕನ್ನಡಕದವರೇ. ಕಟ್ಟಡದವರು ಎಂದು ಬೆಲೆಯಲ್ಲಿ ಸ್ವಲ್ಪ ಬಿಟ್ಟು, ತಾವೇ ಕೂತು ಉಜ್ಜಿ ಕೊಟ್ಟಿದ್ದರು. ಟೈಲರ್ ಕೂಡ ನಿಧಾನವಾಗಿ ತನ್ನ ಮೂಗಿನ ಮೇಲಿನದನ್ನು ತೆಗೆದ. ಅವನದೂ ಅಲ್ಲಿಯದೇ. ಇಷ್ಟು ದಿನ ತಾವು ಪಂದ್ಯ ನೋಡಿದ್ದು ಇವರ ದೃಷ್ಟಿಯ ಮೂಲಕವೇ ಎಂಬ ಸತ್ಯ ಹೊಳೆದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕನ್ನಡಕ ತೆಗೆದಿದ್ದರಿಂದ ಸರಿಯಾಗಿ ಕಾಣಲಿಲ್ಲ.

ಮೂರನೇ ಪಂದ್ಯವನ್ನು ಇಬ್ಬರೂ ಬರಿಗಣ್ಣಲ್ಲಿ ನೋಡಿದರು. ಬ್ಯಾಂಕ್ ಮ್ಯಾನೇಜರು ಎದುರಾಳಿಯ ಸಿಕ್ಸರಿಗೆ ಎದ್ದು ಚಪ್ಪಾಳೆ ತಟ್ಟಿದರು. ಟೈಲರ್ ಒಂದು ಸಾಬೂನಿನ ಜಾಹೀರಾತನ್ನು ರನ್ ಔಟ್ ಎಂದು ತಿಳಿದು ಗೋಳಾಡಿದ. ಆದರೂ ತಂಡ ಗೆದ್ದಿತು. ಇನ್ನು ಸಾಕ್ಷಿ ಯಾಕೆ? ಸುದ್ದಿ ಬೀದಿಗೆ ಹಬ್ಬಿತು. ಸೋಮವಾರ ಕನ್ನಡಕದ ಅಂಗಡಿಯ ಮುಂದೆ ಜನ ನಿಂತಿದ್ದರು, ಕೊಳ್ಳುವುದಕ್ಕಲ್ಲ, ವಾಪಸು ಕೊಡುವುದಕ್ಕೆ. ಅಂಗಡಿಯ ಯಜಮಾನರು ಒಬ್ಬೊಬ್ಬರಿಗೂ ವಿಜ್ಞಾನ ವಿವರಿಸಿ ಸೋತು, ಕೊನೆಗೆ ಇವರನ್ನು ಒಳಕ್ಕೆ ಕರೆದರು. ಫೈನಲ್ ಮುಗಿಯುವವರೆಗೆ ನೀನು ಗಾಜು ಮುಟ್ಟಬೇಡ, ಡಬ್ಬಿಗಳ ಧೂಳು ಒರೆಸು ಎಂದರು.

"ಸಾರ್, ನೀವೂ ನಂಬ್ತೀರಾ?"

"ನಂಬಲ್ಲ. ಆದರೆ ಫೈನಲ್ ಅಲ್ವಾ?"

ಇದರ ನಡುವೆ ಗಾರ್ಡ್ ಸಾಹೇಬರ ಅಡುಗೆಮನೆಯಲ್ಲಿ ಬೇರೊಂದು ಕಥೆ ಬೆಳೆಯುತ್ತಿತ್ತು. ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿನ ಪೈಪು ಸೋರುತ್ತಿತ್ತು. ಮೂರನೇ ಪಂದ್ಯದ ದಿನ ಸಾಹೇಬರ ಹೆಂಡತಿ ಪ್ಲಂಬರನನ್ನು ಕರೆಸಿದ್ದರು. ಅವನು ಚೀಲ ಹಿಡಿದು ಒಳಗೆ ಬಂದವನು, ಎಷ್ಟಾಯ್ತು ಸ್ಕೋರು ಎಂದು ಕೇಳುತ್ತ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಅರ್ಧ ಕುಂಡೆ ಊರಿದ. ಊರಿದ್ದೇ ತಡ, ನಮ್ಮವನು ಒಂದರ ಬೆನ್ನಿಗೆ ಒಂದು ಸಿಕ್ಸರ್ ಬಾರಿಸಿದ. ಅಲ್ಲಿಗೆ ಪ್ಲಂಬರನ ಪಾಡು ತೀರ್ಮಾನವಾಯಿತು. ಪ್ರತಿ ಪಂದ್ಯಕ್ಕೂ ಅವನು ಬರಬೇಕು, ಅದೇ ಸ್ಟೂಲು, ಅಷ್ಟೇ ಕುಂಡೆ, ಆಟ ಮುಗಿಯುವವರೆಗೆ ಏಳುವಂತಿಲ್ಲ. ಮುಗಿದ ಮೇಲೆ, ಕತ್ತಲಾಯ್ತಲ್ಲ ಅಮ್ಮ, ನಾಳೆ ಬರ್ತೀನಿ ಎಂದು ಹೋಗುತ್ತಿದ್ದ. ನಾಳೆ ಅವನಿಗೆ ಬೇರೆ ಕಡೆ ಕೆಲಸ. ಪೈಪು ಸೋರುತ್ತಲೇ ಇತ್ತು.

ಫೈನಲ್ ದಿನ ಗಾರ್ಡ್ ಸಾಹೇಬರು ಅಪಾಯಕ್ಕೆ ಎಡೆಗೊಡಲಿಲ್ಲ. ಕನ್ನಡಕದವರನ್ನು ತಾವೇ ತಾರಸಿಗೆ ಕರೆದೊಯ್ದು, ನೀರಿನ ಮೋಟಾರಿನ ಸ್ವಿಚ್ಚಿರುವ ಚಿಕ್ಕ ಕೋಣೆಯಲ್ಲಿ ಕೂರಿಸಿ, ಕುಡಿಯಲು ನೀರು, ಒಂದು ದಿಂಬು ಕೊಟ್ಟು, ಹೊರಗಿನಿಂದ ಚಿಲಕ ಹಾಕಿದರು.

"ಇವತ್ತು ಗೆಲ್ಲಲಿ, ನಾಳೆ ಬೆಳಿಗ್ಗೆ ನಿಮ್ಮ ಕರಾರಿನ ವಿಷಯ," ಎಂದರು ಚಿಲಕದ ಆಚೆಯಿಂದ.

ಗೆಲ್ಲದಿದ್ದರೆ ಏನು ಎಂದು ಅವರು ಹೇಳಲಿಲ್ಲ. ಕನ್ನಡಕದವರೇ ಹೇಳಿಕೊಂಡರು. ಆಗಲೇ ಮನಸ್ಸಿನಲ್ಲಿ ಬೀರುವನ್ನು ಲಾರಿಗೆ ಏರಿಸುತ್ತಿದ್ದರು, ಅದರ ಕಾಲು ಮುರಿಯುತ್ತಿತ್ತು.

ಸಂಜೆಯ ಹೊತ್ತಿಗೆ ಚಿಲಕ ತೆರೆದುಕೊಂಡಿತು. ಬಾಗಿಲಲ್ಲಿ ಸಾಹೇಬರ ಹೆಂಡತಿ, ಸೀರೆಯ ಅಂಚು ಮೊಣಕಾಲವರೆಗೆ ಒದ್ದೆ.

"ಪೈಪು ಪೂರ್ತಿ ಕಿತ್ತುಬಂತು. ಕೆಳಗೆ ಬನ್ನಿ."

"ಅಮ್ಮ, ನನಗೆ ಪೈಪು ಗೊತ್ತಿಲ್ಲ. ಪ್ಲಂಬರ್ ಅಲ್ಲೇ ಇದ್ದಾನಲ್ಲ."

"ಇದ್ದಾನೆ. ಸ್ಟೂಲಿನ ಮೇಲೆ. ಇವರು ಏಳೋಕೆ ಬಿಡ್ತಿಲ್ಲ. ಬೇಗ ಸೋತ್ರೆ ತಾನೆ ಅವನು ಏಳೋದು? ನೀವು ಬಂದು ಒಂದು ಸಲ ನೋಡಿ."

ಕನ್ನಡಕದವರು ಎರಡು ಹೆಜ್ಜೆ ಹಿಂದೆ ಸರಿದರು. ನೋಡಿದರೆ ಸಾಹೇಬರು ಮನೆ ಬಿಡಿಸುತ್ತಾರೆ ಎಂದರು. ಅದಕ್ಕೆ ಆಕೆ ಸೆರಗು ಹಿಂಡುತ್ತ, ಕಟ್ಟಡ ಇರುವುದು ತಮ್ಮ ಹೆಸರಲ್ಲಿ, ಕರಾರಿಗೆ ಸಹಿ ಹಾಕುವ ಕೈ ಇದು ಎಂದು ಒದ್ದೆ ಕೈ ತೋರಿಸಿದರು. ಇನ್ನು ದಾರಿಯಿಲ್ಲದೆ ಕನ್ನಡಕದವರು ನಿಜ ಬಾಯಿಬಿಟ್ಟರು. ತನ್ನ ಕಣ್ಣಲ್ಲಿ ಏನೂ ಇಲ್ಲ, ಕ್ರಿಕೆಟ್ ಗೊತ್ತಿಲ್ಲದ್ದನ್ನು ಮುಚ್ಚಿಡಲು ಅವತ್ತು ಬಾಯಿಗೆ ಬಂದದ್ದು ಹೇಳಿದೆ, ಎಲ್ಲ ಸುಳ್ಳು ಎಂದರು. ಎಷ್ಟೋ ದಿನಗಳಿಂದ ಎದೆಯ ಮೇಲಿದ್ದ ಭಾರ ಇಳಿಯಿತು ಎಂದುಕೊಳ್ಳುವಷ್ಟರಲ್ಲಿ ಆಕೆ ಕೇಳಿದರು:

"ಮ್ಯಾನೇಜರು ಕನ್ನಡಕ ತೆಗೆದ ದಿನವೇ ಗೆದ್ದಿದ್ದು, ಅದೂ ಸುಳ್ಳಾ?"

ಸತ್ಯ ಹೇಳುವುದಕ್ಕೂ ಒಂದು ಹೊತ್ತಿರುತ್ತದೆ, ಅದು ಹಲವು ಪಂದ್ಯಗಳ ಹಿಂದೆಯೇ ಮೀರಿಹೋಗಿತ್ತು.

ಕೊನೆಗೆ ಅವರು ಮಧ್ಯದ ದಾರಿಯೊಂದನ್ನು ಕಂಡುಕೊಂಡರು. ಟಿವಿ ನೋಡುವುದಿಲ್ಲ, ಆದರೆ ಅಡುಗೆಮನೆಯಲ್ಲಿ ತುಂಬುವ ನೀರನ್ನು ಬಕೆಟ್ಟಿನಲ್ಲಿ ಎತ್ತಿ ಬಚ್ಚಲಿಗೆ ಚೆಲ್ಲುತ್ತೇನೆ. ಅಡುಗೆಮನೆಯಿಂದ ಬಚ್ಚಲಿಗೆ ದಾರಿ ಹಾಲಿನ ನಡುವೆ. ಹಾಲಿನಲ್ಲಿ ನಾಲ್ವರು ಶಿಲಾಮೂರ್ತಿಗಳಂತೆ ಕುಳಿತಿದ್ದರು. ಸಾಹೇಬರ ಕೈಯಲ್ಲಿ ಎರಡೂ ಬಾವುಟ. ಬ್ಯಾಂಕ್ ಮ್ಯಾನೇಜರು ಮತ್ತು ಟೈಲರ್ ಕನ್ನಡಕವಿಲ್ಲದೆ ಟಿವಿಯ ದಿಕ್ಕಿಗೆ ಕಣ್ಣು ಕಿರಿದು ಮಾಡಿ ಕೂತಿದ್ದರು. ಪ್ಲಂಬರ್ ಸ್ಟೂಲಿನಲ್ಲಿ, ತನ್ನ ಪಾದದ ಮೇಲೆ ಹರಿಯುವ ನೀರನ್ನು ವೃತ್ತಿಪರ ಕಳವಳದಿಂದ ನೋಡುತ್ತ, ಏಳಲಾರದೆ ಕುಳಿತಿದ್ದ. ಕನ್ನಡಕದವರು ಟಿವಿಗೆ ಬೆನ್ನು ಕೊಟ್ಟು, ಬಕೆಟ್ಟನ್ನು ಎದೆಗೆ ಅವಚಿಕೊಂಡು, ಗೋಡೆ ಹಿಡಿದು ಅಡ್ಡಡ್ಡ ನಡೆದರು. ಕೆಲವು ಸುತ್ತು ಯಾರಿಗೂ ಗೊತ್ತಾಗದೆ ಮುಗಿಯಿತು.

ಕೊನೆಯ ಚೆಂಡು ಉಳಿದಿತ್ತು. ಗೆಲ್ಲಲು ನಾಲ್ಕು ರನ್ ಬೇಕಿತ್ತು. ಇದು ಕನ್ನಡಕದವರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಾಗಿದ್ದು ಕಾಲ ಕೆಳಗೆ ನೆಲ ಇಲ್ಲ ಎಂಬುದಷ್ಟೇ. ಒದ್ದೆ ನೆಲದ ಮೇಲೆ ಸರ್ರನೆ ಒಂದು ಸುತ್ತು ತಿರುಗಿ, ಬೀಳದಂತೆ ಎಡಗಾಲನ್ನು ಗಾಳಿಯಲ್ಲೆತ್ತಿ, ಬಕೆಟ್ಟನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡು ನಿಂತಾಗ ಮುಖ ನೇರ ಟಿವಿಗೆ ಇತ್ತು, ಕಣ್ಣು ಪೂರ್ತಿ ತೆರೆದಿತ್ತು.

ನಾಲ್ಕೂ ತಲೆಗಳು ಅವರ ಕಡೆ ತಿರುಗಿದವು. ಸಾಹೇಬರ ಕೈ ತಾನಾಗಿಯೇ ಕೆಂಪು ಬಾವುಟ ಎತ್ತಿತು.

ಟಿವಿಯಲ್ಲಿ ನಮ್ಮವನು ಚೆಂಡನ್ನು ಎತ್ತಿ ಹೊಡೆದ. ಅದು ಆಕಾಶಕ್ಕೆ ಹೋಗಿ, ಕೆಳಗೆ ಕಾಯುತ್ತಿದ್ದವನ ಅಂಗೈಗೆ ಬಂದು, ಅಲ್ಲಿಂದ ಜಾರಿ, ಅವನ ಮೊಣಕಾಲಿಗೆ ತಾಗಿ, ಉರುಳುರುಳುತ್ತ ಗೆರೆ ದಾಟಿತು.

ಯಾರೂ ಕೂಗಲಿಲ್ಲ. ಬ್ಯಾಂಕ್ ಮ್ಯಾನೇಜರು ಏನಾಯ್ತು, ಯಾರಾದರೂ ಹೇಳಿ ಎಂದು ಬೇಡಿಕೊಂಡರು. ಪ್ಲಂಬರ್ ಗೆದ್ವಿ ಎಂದು ಎದ್ದು, ಓಡಿಹೋಗಿ ಪೈಪಿಗೆ ಕೈಹಾಕಿದ. ಗಾರ್ಡ್ ಸಾಹೇಬರು ಮಾತ್ರ ಕುರ್ಚಿಯಿಂದ ಏಳದೆ, ಕನ್ನಡಕದವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು: ಎತ್ತಿದ ಎಡಗಾಲು, ಎದೆಗೊತ್ತಿದ ಬಕೆಟ್ಟು, ತುಂಬಿದ ನೀರು.

"ಕದಲಬೇಡಿ," ಎಂದರು. "ಹೇಗಿದೀರೋ ಹಾಗೇ ಇರಿ. ಟೈಲರ್, ಅಳತೆ ತಗೋ."

ಟೈಲರ್ ಕೊರಳ ಟೇಪು ತೆಗೆದು, ನೆಲದಿಂದ ಹಿಮ್ಮಡಿಯ ಎತ್ತರ, ಗೋಡೆಯಿಂದ ಮೊಣಕೈಯ ದೂರ ಅಳೆದ. ಮರುದಿನ ಬೆಳಿಗ್ಗೆ ಸಾಹೇಬರು ಹೇಳಿದಂತೆಯೇ ಕರಾರು ಬಂತು. ಅವರ ಹೆಂಡತಿ ಸಹಿ ಹಾಕಿದ್ದರು, ಪೈಪು ಸರಿಹೋಗಿದ್ದರಿಂದ ನಗುತ್ತಲೇ ಹಾಕಿದ್ದರು. ಅಂಗಡಿಯ ಯಜಮಾನರು ಗಾಜು ಉಜ್ಜುವ ಕಲ್ಲನ್ನು ವಾಪಸು ಕೊಟ್ಟರು. ಬೀದಿಯವರು ಅದೇ ಕನ್ನಡಕಗಳನ್ನು ಮತ್ತೆ ಬೇಡಿ ತೆಗೆದುಕೊಂಡು ಹೋದರು. ಮನೆ ಉಳಿಯಿತು. ಕನ್ನಡಕದವರ ಹೆಂಡತಿ, ಸಾಹೇಬರು ವಾಪಸು ಕೊಟ್ಟ ವೈರು ಸಿಕ್ಕಿಸಿ, ಟಿವಿಯ ಹೊದಿಕೆ ತೆಗೆದು ನೋಡಿದಳು, ಸೊಸೆ ಮತ್ತೆ ಸತ್ತಿದ್ದಳು.

ಮುಂದಿನ ತಿಂಗಳು ಐದು ದಿನದ ಪಂದ್ಯ ಶುರುವಾಯಿತು. ಒಂದು ಪಂದ್ಯ ಐದು ದಿನ ನಡೆಯಬಹುದು ಎಂಬುದನ್ನು ಕನ್ನಡಕದವರಿಗೆ ಯಾರೂ ಹೇಳಿರಲಿಲ್ಲ.

ಎರಡನೇ ದಿನ ಮಧ್ಯಾಹ್ನ ಹಾಲಿನ ಬಾಗಿಲಲ್ಲಿ ಒಬ್ಬ ತರುಣ ನಿಂತ. ಹಿಂಬದಿಯ ಒಂಟಿ ಕೋಣೆಗೆ ಬಾಡಿಗೆಗೆ ಬಂದವನು, ಔಷಧಿ ಅಂಗಡಿಯಲ್ಲಿ ಕೆಲಸ. ಗಾರ್ಡ್ ಸಾಹೇಬರು ಟಿವಿಯಿಂದ ಕಣ್ಣು ಕೀಳದೆ, ಬನ್ನಿ, ನಿಮ್ಮ ಪರಿಚಯ ಹೇಳಿ, ಕ್ರಿಕೆಟ್ ಅಂದರೆ ಹೇಗೆ ಎಂದರು. ಅವನು ಕೈ ಹೊಸಕಿಕೊಂಡ.

"ಸಾರ್, ತಪ್ಪು ತಿಳ್ಕೋಬೇಡಿ. ನನಗೆ ಕ್ರಿಕೆಟ್ ಗೊತ್ತಿಲ್ಲ, ಇಷ್ಟವೂ ಇಲ್ಲ. ಇಲ್ಲಿ ಮೊದಲಿದ್ದ ಒಬ್ಬರನ್ನ ಅದಕ್ಕೇ ಬಿಡಿಸಿದ್ರಂತೆ. ಹಾಗಿದ್ರೆ ಈಗಲೇ ಹೇಳಿಬಿಡಿ."

"ಯಾರ್ರೀ ಹೇಳಿದ್ದು? ಅವರು ಸ್ವಂತ ಮನೆ ಕಟ್ಟಿಸ್ಕೊಂಡು ಹೋದ್ರು. ಲಾರಿ ಗೊತ್ತು ಮಾಡಿಕೊಟ್ಟಿದ್ದೇ ನಾನು. ಮನೆಗೂ ಆಟಕ್ಕೂ ಏನು ಸಂಬಂಧ? ಹೋಗಿ ಆರಾಮಾಗಿ ಮಲ್ಕೊಳ್ಳಿ."

ಟೈಲರ್ ತನ್ನ ಟೇಪನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ತರುಣ ನಿರಾಳವಾಗಿ ಉಸಿರುಬಿಟ್ಟು, ಹೋಗುವ ಮುನ್ನ ಗೋಡೆಯ ಪಕ್ಕ ಒಂಟಿಕಾಲಲ್ಲಿ ತುಂಬಿದ ಬಕೆಟ್ಟು ತಬ್ಬಿಕೊಂಡು ನಿಂತಿದ್ದವರನ್ನು ನೋಡಿ, ಇವರು ಯಾರು ಎಂಬಂತೆ ಹುಬ್ಬೇರಿಸಿದ. ಕನ್ನಡಕದವರು ಬಾಯಿ ತೆರೆದರು. ಹೇಳಬೇಕಾದ್ದು ಬಹಳ ಇತ್ತು, ಟೈಲರನಿಗೆ ಹೇಳಬೇಕಾದ್ದು ಅದಕ್ಕಿಂತ ಹೆಚ್ಚಿತ್ತು. ಅಷ್ಟರಲ್ಲಿ ಸಾಹೇಬರು ಬಾವುಟದ ಕೋಲಿನಿಂದ ಅವರ ಮೊಣಕಾಲು ತಟ್ಟಿದರು.

"ರೀ ಕನ್ನಡಕದವರೇ, ಕಾಲು ಇಳೀತಾ ಇದೆ."